ನಿಂತಿದ್ದ ಟಿಪ್ಪರ್‌ಗೆ ಗುದ್ದಿದ ಬೈಕ್: ಬಾಳ್ಳುಪೇಟೆ ಹೆದ್ದಾರಿಯ ಒಂದು ಪ್ರಕರಣ ಅಧ್ಯಯನ

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಈ ಭಾಗದಲ್ಲಿ ಹಗಲು ರಾತ್ರಿ ಸರಕು ವಾಹನ ಓಡುತ್ತಲೇ ಇರುತ್ತವೆ. ಮಂಗಳೂರು ಕಡೆಯಿಂದ ಶಿರಾಡಿ ಘಾಟಿ ಹತ್ತಿ ಬರುವ ಅನಿಲ ಟ್ಯಾಂಕರ್‌ಗಳು, ಗೊಬ್ಬರದ ಲಾರಿಗಳು, ಕ್ರಷರ್‌ಗಳಿಂದ ಎಂ-ಸ್ಯಾಂಡ್ ಹೊತ್ತ ಟಿಪ್ಪರ್‌ಗಳು. ಅವುಗಳ ನಡುವೆಯೇ ತೋಟದ ಕೆಲಸ ಮುಗಿಸಿ ಮನೆಗೆ ಹೊರಟ ಬೈಕುಗಳು. ಇಲ್ಲಿ ಬಿಡಿಸಿ ನೋಡುತ್ತಿರುವುದು ಇಂಥ ರಸ್ತೆಯಲ್ಲಿ ಆಗುವ ಒಂದು ಅಪಘಾತ, ಅದರಿಂದ ಆದ ಗಾಯ, ಆ ಗಾಯಕ್ಕೆ ಪರಿಹಾರ ಪಡೆದ ದಾರಿ. ಪ್ರಕರಣದ ವ್ಯಕ್ತಿಗಳೂ ಅವರ ಅಂಕಿಗಳೂ ಅಧ್ಯಯನಕ್ಕಾಗಿ ಕಟ್ಟಿಕೊಂಡವು; ಕಾನೂನಿನ ಕಲಂ, ಗಡುವು, ತೀರ್ಪುಗಳು ಮಾತ್ರ ಇದ್ದಂತೆಯೇ ಇವೆ.

ಘಟನೆ ಇಷ್ಟು. ಜುಲೈ ತಿಂಗಳು, ರಾತ್ರಿ ಎಂಟೂವರೆ ದಾಟಿತ್ತು, ಸೋನೆ ಮಳೆ. ಆಲೂರು ಕಡೆಯಿಂದ ಸಕಲೇಶಪುರದ ದಿಕ್ಕಿಗೆ ಗಂಡ ಹೆಂಡತಿ ಬೈಕಿನಲ್ಲಿ ಬರುತ್ತಿದ್ದಾರೆ. ಗಂಡನಿಗೆ 34 ವರ್ಷ. ಕಾಫಿ ತೋಟಗಳಲ್ಲಿ ಮರಗಸಿ ಮಾಡುವುದು (ನೆರಳಿನ ಮರಗಳ ಕೊಂಬೆ ಸವರುವುದು), ಏಣಿ ಹತ್ತಿ ಕಾಳುಮೆಣಸು ಕೊಯ್ಯುವುದು ಆತನ ಕೆಲಸ. ಹೆಂಡತಿಗೆ 29, ಹಣ್ಣಿನ ಕಾಲದಲ್ಲಿ ಕಿಲೋ ಲೆಕ್ಕಕ್ಕೆ ಕಾಫಿ ಕೊಯ್ಯುತ್ತಾಳೆ. ಬಾಳ್ಳುಪೇಟೆ ಹತ್ತಿರ ರಸ್ತೆಯ ಎಡ ಪಥದಲ್ಲಿ ಹತ್ತು ಚಕ್ರದ ಟಿಪ್ಪರ್ ಒಂದು ನಿಂತಿತ್ತು. ಒಂದು ದೀಪವೂ ಉರಿಯುತ್ತಿರಲಿಲ್ಲ. ಹಿಂದೆ ಎರಡು ಕಲ್ಲು, ಒಂದು ಹಸಿ ಕೊಂಬೆ ಇಟ್ಟಿದ್ದರು, ಅದೂ ಲಾರಿಯಿಂದ ಹತ್ತು ಹೆಜ್ಜೆಗೆ. ಸವಾರ ಕೊನೆ ಗಳಿಗೆಯಲ್ಲಿ ಬಲಕ್ಕೆ ಎಳೆದ. ಬೈಕಿನ ಎಡಭಾಗ ಟಿಪ್ಪರ್‌ನ ಹಿಂಬದಿಯ ಬಲ ಮೂಲೆಗೆ ಬಡಿಯಿತು.

ಇಂಥ ಅಪಘಾತದ ಬಗ್ಗೆ ಊರಿನಲ್ಲಿ, ಠಾಣೆಯಲ್ಲಿ, ಎಷ್ಟೋ ಸಲ ಆಸ್ಪತ್ರೆಯಲ್ಲೂ ಬರುವ ಮೊದಲ ಮಾತು ಒಂದೇ: “ನಿಂತಿದ್ ಗಾಡಿಗೆ ಇವ್ನೇ ಬಂದು ಗುದ್ದವ್ನೆ.” ಈ ಮಾತು ಮೊದಲ ಕಾಗದದಲ್ಲಿ ಸೇರಿತೆಂದರೆ ಮುಂದಿನ ಎರಡು ಮೂರು ವರ್ಷದ ಕೋರ್ಟು ಅಲೆದಾಟವೆಲ್ಲ ಅದನ್ನು ಅಳಿಸುವುದಕ್ಕೇ ಹೋಗುತ್ತದೆ. ಯಾರು ಗುದ್ದಿದರು ಎಂದು ಕೇಳಿ ನಿಲ್ಲಿಸಬಾರದು. ಲಾರಿ ಅಲ್ಲಿ ಯಾಕೆ ನಿಂತಿತ್ತು, ಹೇಗೆ ನಿಂತಿತ್ತು ಎಂದು ಕೇಳಬೇಕು.

ಲಾರಿ ಯಾಕೆ ನಿಂತಿತು

ಹತ್ತು ಚಕ್ರದ, ಅಂದರೆ ಮೂರು ಆಕ್ಸಲ್‌ನ ಲಾರಿಗೆ 2018ರ ಜುಲೈನಲ್ಲಿ ಪರಿಷ್ಕರಿಸಿದ ಮಿತಿಯಂತೆ ಗಾಡಿ ಮತ್ತು ಸರಕು ಸೇರಿ ಒಟ್ಟು 28.5 ಟನ್ ಇರಬಹುದು. ಈ ಟಿಪ್ಪರನ್ನು ಮರುದಿನ ಲಾರಿ ತೂಗುವ ವೇಬ್ರಿಡ್ಜ್‌ಗೆ ಹತ್ತಿಸಿದಾಗ 35.5 ಟನ್ ಬಂತು. ಏಳು ಟನ್ ಹೆಚ್ಚು. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಇದಕ್ಕೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ ಒಂದಕ್ಕೆ 2,000; ಅಂದರೆ 34,000 ರೂಪಾಯಿ, ಹೆಚ್ಚುವರಿ ಸರಕು ಇಳಿಸುವ ಖರ್ಚು ಬೇರೆ.

ಹೆಚ್ಚು ತೂಕದ ಮೊದಲ ಹೊಡೆತ ಹಿಂದಿನ ಜೋಡಿ ಚಕ್ರಗಳಿಗೆ. ಜೋಡಿಯ ಒಳಗಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಹೊರಗಿನದೇ ಎರಡರ ಭಾರ ಹೊರಬೇಕು. ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಬಿಸಿಯೇರುತ್ತದೆ. ರೀಸೋಲ್ ಮಾಡಿಸಿದ (ಸವೆದ ಮೇಲೆ ಹೊಸ ಪದರ ಹಾಕಿಸಿದ) ಟೈರಾದರೆ ಮೇಲಿನ ಪದರ ಕಿತ್ತು ಬರುತ್ತದೆ. ಒಳಗಿನ ಟೈರು ಹೊರಗಿನಿಂದ ಕಾಣದ್ದರಿಂದ ಬಹಳ ಚಾಲಕರು ಅದರ ಗಾಳಿ ನೋಡುವುದೇ ಇಲ್ಲ. ಇಲ್ಲಿ ಆದದ್ದು ಅದೇ. ಸಂಜೆ ನಾಲ್ಕೂವರೆ ಸುಮಾರಿಗೆ ಟೈರು ಸಿಡಿದಿದೆ. ಸ್ಟೆಪ್ನಿ ಇರಲಿಲ್ಲ. ಕ್ಲೀನರ್ ಟೈರು ತರಲು ಆಲೂರಿಗೆ ಹೋದ. ಪಕ್ಕದ ಮಣ್ಣು ಮಳೆಗೆ ಮೆತ್ತಗಾಗಿ ಚಕ್ರ ಹೂತುಹೋದೀತೆಂದು ಚಾಲಕ ಡಾಂಬರಿನ ಮೇಲೆಯೇ ಬಿಟ್ಟ. ಬ್ಯಾಟರಿ ಇಳಿದುಹೋದೀತೆಂದು ಕತ್ತಲಾದ ಮೇಲೆ ನಾಲ್ಕೂ ಇಂಡಿಕೇಟರ್ ಆರಿಸಿದ.

ಇವುಗಳಲ್ಲಿ ಒಂದೊಂದೂ ಚಾಲಕನ ದೃಷ್ಟಿಯಿಂದ ಅರ್ಥವಾಗುವಂಥದೇ. ನಾಲ್ಕೂ ಸೇರಿದಾಗ ಹೆದ್ದಾರಿಯ ಮಧ್ಯೆ ಕತ್ತಲಲ್ಲಿ ಒಂದು ಗೋಡೆ ಎದ್ದಂತಾಯಿತು. ಇತರರಿಗೆ ಅಪಾಯವಾಗುವಂತೆ ವಾಹನ ಬಿಟ್ಟುಹೋಗಬಾರದು ಎನ್ನುತ್ತದೆ ಕಾಯ್ದೆಯ 122ನೇ ಕಲಂ. ಸರಕು ವಾಹನದ ಹಿಂಭಾಗದಲ್ಲಿ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ ಪ್ರತಿಫಲಕ ಪಟ್ಟಿ ಇರಬೇಕು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮ 104. ಈ ಟಿಪ್ಪರ್‌ಗೆ ಪಟ್ಟಿ ಅಂಟಿಸಿದ್ದು ನಿಜ, ಅದರ ಮೇಲೆ ಒದ್ದೆ ಎಂ-ಸ್ಯಾಂಡ್‌ನ ಕೆಸರು ಮೆತ್ತಿಕೊಂಡಿತ್ತು. ಕೆಸರು ಮೆತ್ತಿದ ಪಟ್ಟಿಯಿಂದ ಬೆಳಕು ತಿರುಗಿ ಬರುವುದಿಲ್ಲ.

ಸವಾರನಿಗೆ ಎಷ್ಟು ಜಾಗ ಸಿಕ್ಕಿತು ಎಂಬ ಲೆಕ್ಕ ಹಾಕಿ ನೋಡಬೇಕು. ಗಂಟೆಗೆ 50 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಂಡು, ಅರಿತು, ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಎಂದರೂ 21 ಮೀಟರ್ ಹೋಯಿತು. ಒದ್ದೆ ಡಾಂಬರಿನಲ್ಲಿ ಬೈಕ್ ನಿಲ್ಲಲು ಮತ್ತೆ ಸುಮಾರು 25 ಮೀಟರ್. ಒಟ್ಟು 46. ಮಳೆಯಲ್ಲಿ ಡಿಮ್ ಲೈಟಿಗೆ ದೀಪವಿಲ್ಲದ, ಬೂದು ಕೆಸರು ಮೆತ್ತಿದ ಲಾರಿ 30 ಮೀಟರ್‌ಗೆ ಮೊದಲು ಕಾಣುವುದು ಕಷ್ಟ. ವೇಗ 40 ಇದ್ದಿದ್ದರೂ ಸುಮಾರು 33 ಮೀಟರ್ ಬೇಕಿತ್ತು. ಕಲ್ಲು, ಕೊಂಬೆ ಹತ್ತು ಹೆಜ್ಜೆಗೆ ಇಟ್ಟದ್ದು ಯಾಕೆ ವ್ಯರ್ಥ ಎನ್ನುವುದಕ್ಕೆ ಇದೇ ಉತ್ತರ. ಎಚ್ಚರಿಕೆಯ ತ್ರಿಕೋನವೇ ಆಗಿದ್ದರೂ ಐವತ್ತು ಮೀಟರ್ ಹಿಂದೆ ಇಲ್ಲದಿದ್ದರೆ ಪ್ರಯೋಜನವಿರಲಿಲ್ಲ. ಈ ಲೆಕ್ಕ ಎರಡು ಅಲಗಿನದು. “ಕಾಣುವಷ್ಟು ದೂರದಲ್ಲಿ ನಿಲ್ಲಿಸಲಾಗದ ವೇಗದಲ್ಲಿ ಯಾಕೆ ಬಂದೆ?” ಎಂದು ವಿಮಾ ಕಂಪನಿಯ ವಕೀಲರು ಇದನ್ನೇ ತಿರುಗಿಸಿ ಕೇಳುತ್ತಾರೆ. ಆ ಪ್ರಶ್ನೆಗೆ ಸಿದ್ಧವಾಗಿಯೇ ಹೋಗಬೇಕು.

ಗಾಯ ಹೇಗಾಯಿತು

ಸವಾರನ ತಲೆಗೆ ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಎಡ ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದು ಚರ್ಮ ಹರಿದು ಹೊರಬಂದವು. ಮೊಣಕಾಲ ಕೀಲಿನೊಳಗೂ ಒಡಕು. ಬೈಕು ಬಡಿದ ರಭಸಕ್ಕೆ ಇಷ್ಟಾಗಬಹುದಿತ್ತು, ಆದರೆ ಮಾಂಸ ಅಷ್ಟುದ್ದ ಸೀಳಿದ್ದಕ್ಕೆ ಬೇರೆ ಕಾರಣವಿದೆ. ಲಾರಿಯ ಹಿಂದೆ ಕೆಳಮಟ್ಟದಲ್ಲಿ ಅಡ್ಡ ಕಂಬಿಯೊಂದು ಇರಬೇಕು. ನಿಯಮ 124ರಡಿ ಕಡ್ಡಾಯವಾದ ಹಿಂಬದಿ ತಡೆ ಅದು, ಹಿಂದಿನಿಂದ ಬಂದ ವಾಹನ ಚಾಸಿಯ ಕೆಳಗೆ ನುಗ್ಗದಂತೆ ತಡೆಯುವುದಕ್ಕೆ. ಟಿಪ್ಪರ್ ಎತ್ತಿ ಸುರಿಯುವಾಗ ರಾಶಿಗೆ ತಾಗಿ ಅಡ್ಡಿಯಾಗುತ್ತದೆಂದು ಅದನ್ನು ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿ ತೆಗೆಯುವವರಿದ್ದಾರೆ. ಇಲ್ಲೂ ಕತ್ತರಿಸಿದ್ದರು, ಕಂಬಿಯನ್ನು ಹಿಡಿದಿದ್ದ ಬ್ರಾಕೆಟ್‌ನ ಮೊಂಡು, ಅಂಚು ಹರಿತವಾಗಿ, ಚಾಸಿಯಿಂದ ನಾಲ್ಕು ಬೆರಳು ಚಾಚಿಕೊಂಡಿತ್ತು. ಕಾಲು ಸಿಕ್ಕಿದ್ದು ಆ ಮೊಂಡಿಗೆ. ಪ್ಯಾಂಟಿನ ಬಟ್ಟೆಯ ಚೂರು ಅದಕ್ಕೇ ಅಂಟಿತ್ತು.

ಹೆಂಡತಿ ಬಲಕ್ಕೆ ಎಸೆಯಲ್ಪಟ್ಟು ಕೈಯೂರಿ ಬಿದ್ದಳು. ಬಲ ಮಣಿಕಟ್ಟಿನ ಮೂಳೆ, ಭುಜದ ಮುಂದಿನ ಕೊರಳೆಲುಬು ಮುರಿದವು. ಆಕೆಗೆ ಹೆಲ್ಮೆಟ್ ಇರಲಿಲ್ಲ. ಹಿಂಬದಿ ಸವಾರರಿಗೂ 129ನೇ ಕಲಂ ಪ್ರಕಾರ ಹೆಲ್ಮೆಟ್ ಕಡ್ಡಾಯ, ಅದು ತಪ್ಪೇ. ಆದರೆ ಪರಿಹಾರ ಕಡಿತದ ಪ್ರಶ್ನೆ ಬಂದಾಗ ಆ ತಪ್ಪಿಗೂ ಈ ಗಾಯಕ್ಕೂ ಸಂಬಂಧವಿದೆಯೇ ಎಂದು ನೋಡಬೇಕು. ಹೆಲ್ಮೆಟ್ ಮಣಿಕಟ್ಟನ್ನು ಕಾಯುವುದಿಲ್ಲ.

ಮೂಳೆ ಹೊರಬಂದ ಗಾಯಕ್ಕೆ ರಸ್ತೆಬದಿಯಲ್ಲಿ ಮಾಡಬಹುದಾದ್ದು ಸ್ವಲ್ಪವೇ: ಶುಚಿಯಾದ ಬಟ್ಟೆ ಮುಚ್ಚಿ ಒತ್ತಿ ಹಿಡಿಯುವುದು, ಕಾಲಿನ ಎರಡು ಬದಿ ಹಲಗೆಯಂಥದ್ದಿಟ್ಟು ಕಟ್ಟುವುದು, ಮೂಳೆಯನ್ನು ಒಳಗೆ ತಳ್ಳದಿರುವುದು. 108 ಆಂಬ್ಯುಲೆನ್ಸ್‌ನಲ್ಲಿ ಹಾಸನಕ್ಕೆ ಒಯ್ದರು. ನೆರವಿಗೆ ಬಂದವರನ್ನು ಪೊಲೀಸರು ಹೆಸರು ಹೇಳೆಂದು, ಸಾಕ್ಷಿ ಹೇಳೆಂದು ಒತ್ತಾಯಿಸುವಂತಿಲ್ಲ. 134-ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯ ಮೊದಲ ಖರ್ಚಿಗೆ 2025ರ ಮೇ 5ರಿಂದ ಜಾರಿಯಲ್ಲಿರುವ ನಗದುರಹಿತ ಚಿಕಿತ್ಸಾ ಯೋಜನೆ ಇದೆ: ಅಪಘಾತದ ದಿನದಿಂದ ಏಳು ದಿನ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ. ಕೇಳದ ಕುಟುಂಬ ಕೈಯಿಂದಲೇ ಕಟ್ಟುತ್ತದೆ.

ಮೊದಲ ಕಾಗದಗಳು

ಆಸ್ಪತ್ರೆಯಲ್ಲಿ ಹೇಗಾಯಿತೆಂದು ಕೇಳಿದಾಗ ಜೊತೆಗೆ ಬಂದಿದ್ದ ಭಾವಮೈದ “ಬೈಕ್ ಸ್ಕಿಡ್ ಆಗಿ ಬಿದ್ರು ಸಾರ್” ಎಂದುಬಿಟ್ಟ. ಪೊಲೀಸ್ ಕೇಸು ಎಂದರೆ ಚಿಕಿತ್ಸೆ ತಡವಾದೀತೆಂಬ ಭಯ. ಪೊಲೀಸ್ ಕೇಸಾಗಬಹುದಾದ ಗಾಯಗಳನ್ನು ಆಸ್ಪತ್ರೆ ಬರೆದಿಡುವ ಎಂಎಲ್‌ಸಿ ಪುಸ್ತಕದಲ್ಲಿ ಅದೇ ಮಾತು ದಾಖಲಾಯಿತು. ಮೋಟಾರು ಅಪಘಾತ ಪರಿಹಾರದ ಅರ್ಜಿಗಳನ್ನು ಮುಳುಗಿಸುವುದರಲ್ಲಿ ಈ ಒಂದು ಸಾಲಿಗೆ ಸಮನಾದದ್ದು ಇಲ್ಲ. ಲಾರಿಯೇ ಇರಲಿಲ್ಲ, ಆಮೇಲೆ ಸೇರಿಸಿದ್ದಾರೆ ಎಂದು ವಿಮಾ ಕಂಪನಿ ಹೇಳುವುದಕ್ಕೆ ಅಷ್ಟು ಸಾಕು. ಇಲ್ಲಿ ಸರಿಪಡಿಸಿದ್ದು ಹೀಗೆ: ಎರಡನೇ ದಿನವೇ ಹೆಂಡತಿಯ ಲಿಖಿತ ಹೇಳಿಕೆಯನ್ನು ಕರ್ತವ್ಯದ ವೈದ್ಯರಿಗೂ ಪೊಲೀಸರಿಗೂ ಕೊಟ್ಟು ಸ್ವೀಕೃತಿ ಪಡೆದರು. ಹಳೆಯ ಸಾಲನ್ನು ಹೊಡೆದುಹಾಕಿ ತಿದ್ದಿಸಲು ಹೋಗಲಿಲ್ಲ. ತಿದ್ದಿದ ದಾಖಲೆ ತಪ್ಪು ದಾಖಲೆಗಿಂತ ಹೆಚ್ಚು ಕೆಡಿಸುತ್ತದೆ.

ಇತ್ತ ಠಾಣೆಗೆ ಮೊದಲು ಹೋದವನು ಲಾರಿ ಚಾಲಕ. ಅವನ ದೂರಿನ ಮೇಲೆ ಎಫ್‌ಐಆರ್ ಸವಾರನ ವಿರುದ್ಧವೇ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ), 125(ಬಿ) (ತೀವ್ರ ಗಾಯ). ಗಂಡ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದಾಗ ಆತನೇ ಆರೋಪಿ. ಇಂಥ ಹೊತ್ತಿನಲ್ಲಿ ಕುಟುಂಬ ಕೈಚೆಲ್ಲಬಾರದು. ಅದೇ ಘಟನೆಯ ಇನ್ನೊಂದು ಕಡೆಯ ವಿವರವನ್ನು ಪ್ರತಿದೂರಾಗಿ ಕೊಡಬಹುದು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರಡಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬೇಕು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಇಲ್ಲಿ ಹೆಂಡತಿಯ ದೂರು ಮೂರನೇ ದಿನ ದಾಖಲಾಗಿ, ತನಿಖೆಯ ನಂತರ ದೋಷಾರೋಪ ಪಟ್ಟಿ ಲಾರಿ ಚಾಲಕನ ಮೇಲೆ ಬಂತು.

ತನಿಖೆಯ ದಿಕ್ಕು ಬದಲಿಸಿದ್ದು ಎರಡು ಸಣ್ಣ ಸಂಗತಿ. ಲಾರಿಯ ಹಿಂದೀಪ ಉರಿಯುತ್ತಿತ್ತು, ಗುದ್ದಿದ ಮೇಲೆ ಒಡೆಯಿತು ಎಂದಿದ್ದ ಚಾಲಕ. ಹಾಗಾಗಿದ್ದರೆ ರಸ್ತೆಯ ಮೇಲೆ ಕೆಂಪು ಪ್ಲಾಸ್ಟಿಕ್ ಚೂರು ಬಿದ್ದಿರಬೇಕಿತ್ತು. ಸ್ಥಳ ಮಹಜರಿನಲ್ಲಿ ಬರೆದದ್ದು ಬೈಕಿನ ಮುಂದೀಪದ ಬಿಳಿ ಚೂರು ಮಾತ್ರ. ದೀಪದ ಗೂಡಿನೊಳಗೆ ಒಣಗಿದ ಕೆಸರು ಇದ್ದದ್ದು ಪಕ್ಕದ ಹೋಟೆಲಿನವರು ಅದೇ ರಾತ್ರಿ ತೆಗೆದ ಮೊಬೈಲ್ ಫೋಟೋದಲ್ಲಿ ಕಾಣುತ್ತಿತ್ತು: ಆ ದೀಪ ಒಡೆದು ದಿನಗಳೇ ಆಗಿದ್ದವು. ಎರಡನೆಯದು, ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಕತ್ತರಿಸಿದ ಬ್ರಾಕೆಟ್‌ನ ಉಲ್ಲೇಖ. ಐಎಂವಿ ವರದಿ ಎಂದು ಕರೆಯುವ ಇದರಲ್ಲಿ ಬಹಳ ಸಲ ಬ್ರೇಕ್ ಸರಿಯಿದೆ, ಯಾಂತ್ರಿಕ ದೋಷವಿಲ್ಲ ಎಂಬ ಎರಡು ಸಾಲೇ ಇರುತ್ತದೆ. ಹಿಂದೀಪ, ಪ್ರತಿಫಲಕ ಪಟ್ಟಿ, ಹಿಂಬದಿ ತಡೆ, ಟೈರು ಇವನ್ನು ಪರೀಕ್ಷಿಸಿ ಬರೆಯಬೇಕೆಂದು ಲಾರಿಯನ್ನು ಬಿಡುಗಡೆ ಮಾಡುವ ಮೊದಲೇ ತನಿಖಾಧಿಕಾರಿಗೆ ಅರ್ಜಿ ಕೊಡಬೇಕು. ಲಾರಿ ಮಾಲೀಕನ ಕೈಗೆ ಹೋದ ಮರುದಿನವೇ ಹೊಸ ದೀಪ, ಹೊಸ ಪಟ್ಟಿ ಬಂದಿರುತ್ತದೆ.

ತೂಕಕ್ಕೆ ವೇಬ್ರಿಡ್ಜ್‌ನ ಚೀಟಿ ಇತ್ತು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಖನಿಜ ಸಾಗಣೆ ಪರವಾನಗಿಯಲ್ಲಿ ವಾಹನ ಸಂಖ್ಯೆ, ಹೊರಟ ಸಮಯ, ಪ್ರಮಾಣ ಇರುತ್ತದೆ. ಅದರ ಪ್ರತಿಯನ್ನೂ ತರಿಸಿದರು. ಪರವಾನಗಿಯಲ್ಲಿ ಬರೆದ ಟನ್ನಿಗೂ ತೂಗಿದ ಟನ್ನಿಗೂ ಇದ್ದ ಅಂತರ, ಅಪಘಾತ ಪರಿಹಾರದ ಅರ್ಜಿ ವಿಚಾರಿಸುವ ನ್ಯಾಯಮಂಡಳಿಯಲ್ಲಿ ತಾನೇ ಮಾತಾಡಿತು.

2022ರ ಏಪ್ರಿಲ್ 1ರಿಂದ ಪೊಲೀಸರಿಗೇ ಗಡುವುಗಳಿವೆ. 48 ಗಂಟೆಯೊಳಗೆ ಮೊದಲ ಅಪಘಾತ ವರದಿ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಹೋಗಬೇಕು. ಹತ್ತು ದಿನದೊಳಗೆ ಸಂತ್ರಸ್ತರಿಗೆ ಅವರ ಹಕ್ಕುಗಳ ನಮೂನೆ ಕೊಡಬೇಕು. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ವಿವರ ವರದಿ. ಇದನ್ನು ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ವಿವರವಾಗಿ ನಿರ್ದೇಶಿಸಿದೆ. ಠಾಣೆಯಲ್ಲಿ ಈ ವರದಿಗಳ ಹೆಸರು ಹಿಡಿದು ಕೇಳಿದರೆ ಕಾಗದ ಸಾಗುತ್ತದೆ.

ವಕೀಲರು, ಏಜೆಂಟರು, ರಾಜಿ

ವಾರ್ಡಿನ ಹೊರಗೆ ಎರಡನೇ ದಿನವೇ ಒಬ್ಬ ಬಂದಿದ್ದ: ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಶೇ. 30 ಕೊಡಿ, ಇಲ್ಲಿ ಸಹಿ ಹಾಕಿ. ಪರಿಹಾರದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ನೇರವಾಗಿ ನಿಷೇಧಿಸಿದೆ. ಏಜೆಂಟರ ಮೂಲಕ ಕಕ್ಷಿದಾರರನ್ನು ಹಿಡಿಯುವುದೂ ನಿಷಿದ್ಧ. ಖಾಲಿ ವಕಾಲತ್ತಿಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬಾರದು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಲಾರಿ ಮಾಲೀಕ ಆಸ್ಪತ್ರೆಗೇ ಬಂದು 25,000 ರೂಪಾಯಿ ಕೊಟ್ಟು ಛಾಪಾ ಕಾಗದಕ್ಕೆ ಸಹಿ ಕೇಳಿದ. ಹಣ ಪಡೆಯುವುದರಲ್ಲಿ ತಪ್ಪಿಲ್ಲ. ಇನ್ನು ಮುಂದೆ ಯಾವ ಹಕ್ಕೂ ಇಲ್ಲ ಎಂಬ ಬರಹಕ್ಕೆ ಸಹಿ ಹಾಕುವುದು ತಪ್ಪು. ಹಾಗೆಯೇ ವಿಮಾ ಕಂಪನಿಯ ಬೇಗನೆಯ ಕೊಡುಗೆ. ತಪ್ಪು ಯಾರದೆಂದು ನೋಡದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೊಡುವ 164ನೇ ಕಲಂ ಇದೆ. ಸಾಕ್ಷ್ಯವೇ ಇಲ್ಲದವರಿಗೆ ಅದು ದೊಡ್ಡ ಆಸರೆ. ಆದರೆ ಅದನ್ನು ಒಪ್ಪಿಕೊಂಡರೆ ಎದುರಿನವರ ತಪ್ಪು ತೋರಿಸಿ ಪೂರ್ತಿ ಪರಿಹಾರ ಕೇಳುವ 166ನೇ ಕಲಂನ ಅರ್ಜಿ ಬಿದ್ದುಹೋಗುತ್ತದೆ. ಈ ಕುಟುಂಬ 2.5 ಲಕ್ಷಕ್ಕೆ ಒಪ್ಪಿದ್ದರೆ ಏನು ಕಳೆದುಕೊಳ್ಳುತ್ತಿತ್ತೆಂದು ಕೆಳಗಿನ ಲೆಕ್ಕ ತೋರಿಸುತ್ತದೆ.

166ರ ಅರ್ಜಿ ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು. ಈ ಮಿತಿಯ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದಿದೆ. ಅದನ್ನು ನಂಬಿ ಯಾರೂ ಕೂರಬಾರದು. ಕಾಲು ಗುಣವಾದ ಮೇಲೆ ನೋಡೋಣ ಎನ್ನುವವರೇ ಹೆಚ್ಚು. ಗುಣವಾಗುವವರೆಗೆ ಕಾಯಬೇಕಾದದ್ದು ಅಂಗವೈಕಲ್ಯದ ಪ್ರಮಾಣಪತ್ರಕ್ಕೆ, ಅರ್ಜಿಗಲ್ಲ. ಅಪಘಾತವಾದ ಊರು, ಗಾಯಾಳು ವಾಸವಿರುವ ಊರು, ಎದುರುದಾರನಿರುವ ಊರು, ಯಾವುದರ ನ್ಯಾಯಮಂಡಳಿಯಲ್ಲಾದರೂ ಹಾಕಬಹುದು. ಹೀಗಾಗಿ ಚಾರ್ಮಾಡಿಯಲ್ಲಿ ಅಪಘಾತವಾದ ಕಡೂರಿನವರು ಬೆಳ್ತಂಗಡಿಗೆ ಅಲೆಯಬೇಕಿಲ್ಲ.

ಗಂಡ ಹೆಂಡತಿ ಬೇರೆ ಬೇರೆ ಅರ್ಜಿ ಹಾಕಿದರು; ಒಟ್ಟಿಗೆ ವಿಚಾರಣೆಯಾಯಿತು.

ತಪ್ಪು ಯಾರದು

ಸವಾರನದು ಅರ್ಧ ತಪ್ಪು ಎಂದು ವಿಮಾ ಕಂಪನಿ ವಾದಿಸಿತು. ಇಂಥ ವಾದಕ್ಕೆ ಸುಪ್ರೀಂ ಕೋರ್ಟಿನ ತೀರ್ಪುಗಳು ಎರಡೂ ಕಡೆ ಇವೆ. ನಿಶಾನ್ ಸಿಂಗ್ ಪ್ರಕರಣದಲ್ಲಿ (2018) ಮುಂದೆ ಓಡುತ್ತಿದ್ದ ಲಾರಿಯಿಂದ ಸಾಕಷ್ಟು ಅಂತರ ಬಿಡದ ಕಾರಿನ ಚಾಲಕನದೇ ತಪ್ಪೆಂದಾಯಿತು. ಅದೇ ವರ್ಷ ಅರ್ಚಿತ್ ಸೈನಿ ಪ್ರಕರಣದಲ್ಲಿ, ರಾತ್ರಿ ದೀಪವಿಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ್ದ ಅನಿಲ ಟ್ಯಾಂಕರ್‌ಗೆ ಗುದ್ದಿದ ಕಾರಿನವರ ಮೇಲೆ ತಪ್ಪು ಹೊರಿಸಲಿಲ್ಲ. 2024ರ ಸೆಪ್ಟೆಂಬರ್‌ನ ಸುಷ್ಮಾ ಪ್ರಕರಣದಲ್ಲಂತೂ ಹೆದ್ದಾರಿ ಮಧ್ಯೆ ಎಚ್ಚರಿಕೆಯಿಲ್ಲದೆ ಬಿಟ್ಟ ಟ್ರಕ್ಕಿನದೇ ಪೂರ್ತಿ ತಪ್ಪು ಎಂದು ಹೇಳಿ, ಕೆಳಗಿನ ಕೋರ್ಟುಗಳು ಹಾಕಿದ್ದ ಅರ್ಧ ಪಾಲನ್ನು ತೆಗೆದುಹಾಕಿತು. ಚಾಲಕನ ತಪ್ಪನ್ನು ಜೊತೆಗಿದ್ದ ಪ್ರಯಾಣಿಕರ ಮೇಲೆ ಹೇರಲಾಗದೆಂದೂ ಅದೇ ತೀರ್ಪು ಹೇಳಿದೆ. ಓಡುವ ಲಾರಿ ಬೇರೆ, ಕತ್ತಲಲ್ಲಿ ನಿಂತ ಲಾರಿ ಬೇರೆ. ವಾದದಲ್ಲಿ ಈ ಅಂತರ ಬಿಟ್ಟುಕೊಡಬಾರದು.

ಸವಾರ ನಿರ್ಲಕ್ಷ್ಯ ಮಾಡಿದ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ವಿಮಾ ಕಂಪನಿ ತನ್ನ ಅಧಿಕಾರಿಯನ್ನು ಸಾಕ್ಷಿಗೆ ಕರೆಯಿತೇ ಹೊರತು ಲಾರಿ ಚಾಲಕನನ್ನು ಕರೆಯಲಿಲ್ಲ. ಆ ರಾತ್ರಿ ಅಲ್ಲಿದ್ದವನನ್ನು ಬಿಟ್ಟು ಇಲ್ಲದವರನ್ನು ಕರೆದರೆ ನ್ಯಾಯಮಂಡಳಿ ಅದನ್ನು ಕಂಪನಿಯ ವಿರುದ್ಧವೇ ಪರಿಗಣಿಸಬಹುದು. ಕೊನೆಗೆ ಸವಾರನ ಪಾಲು ಶೇ. 20 ಎಂದು ನಿಂತಿತು. ಸುಷ್ಮಾ ತೀರ್ಪಿನ ಬೆಳಕಿನಲ್ಲಿ ಆ ಶೇ. 20 ಕೂಡ ಹೆಚ್ಚೇ ಎನ್ನುವುದು ನಮ್ಮ ಅಭಿಪ್ರಾಯ.

ಟಿಪ್ಪರ್‌ನ ಫಿಟ್ನೆಸ್ ಪ್ರಮಾಣಪತ್ರ ಮುಗಿದು ಐದು ವಾರವಾಗಿತ್ತು. ಷರತ್ತು ಮುರಿದಿದೆ, ನಾವು ಕೊಡುವುದಿಲ್ಲ ಎಂದಿತು ಕಂಪನಿ. ಷರತ್ತು ಮುರಿದರೂ ಮೂರನೆಯವರಿಗೆ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕೆಂಬುದು ಸ್ವರಣ್ ಸಿಂಗ್ ತೀರ್ಪಿನಿಂದ (2004) ಬೆಳೆದ ದಾರಿ. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ 2020ರಲ್ಲಿ ಯಲ್ಲವ್ವ ಪ್ರಕರಣದಲ್ಲಿ ಅದನ್ನು ಬಲಪಡಿಸಿದೆ. ಇಲ್ಲೂ ಹಾಗೇ ಆದೇಶವಾಯಿತು. ತೋಟದ ಕೆಲಸದವರನ್ನು ಪಿಕಪ್‌ನಲ್ಲಿ, ಲಾರಿಯ ಹಿಂದೆ ತುಂಬಿ ಕರೆದೊಯ್ಯುವವರು ಮಾತ್ರ ಒಂದು ವಿಷಯ ತಿಳಿದಿರಬೇಕು. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಆಶಾರಾಣಿ ಪ್ರಕರಣದಲ್ಲಿ (2003) ಸುಪ್ರೀಂ ಕೋರ್ಟ್ ಹೇಳಿದೆ. ಆ ಪರಿಹಾರ ಮಾಲೀಕನ ಜೇಬಿನಿಂದಲೇ ಬರಬೇಕಾಗುತ್ತದೆ, ಜೇಬು ಖಾಲಿಯಿದ್ದರೆ ಬರುವುದೇ ಇಲ್ಲ.

ಏಣಿ ಹತ್ತಲಾಗದ ಕಾಲಿನ ಬೆಲೆ

ಮೂರು ಶಸ್ತ್ರಚಿಕಿತ್ಸೆ ಆಯಿತು. ಮೊದಲು ಹೊರಗಿನಿಂದ ಕಂಬಿ ಕಟ್ಟಿ, ಗಾಯ ಮಾಗಿದ ಮೇಲೆ ಒಳಗೆ ರಾಡ್ ಹಾಕಿದರು. ಎಂಟು ತಿಂಗಳು ಕೆಲಸವಿಲ್ಲ. ಮೂಳೆ ಕೂಡಿತು, ಆದರೆ ಮೊಣಕಾಲು ಮೊದಲಿನಂತೆ ಮಡಿಸದು. ವೈದ್ಯರು ಎಡಗಾಲಿನ ವೈಕಲ್ಯ ಶೇ. 42 ಎಂದರು. ಕೈಕಾಲಿನ ವೈಕಲ್ಯದ ಮೂರನೇ ಒಂದು ಭಾಗವನ್ನು ಇಡೀ ದೇಹದ್ದೆಂದು ಹಿಡಿಯುವುದು ನಮ್ಮ ನ್ಯಾಯಮಂಡಳಿಗಳಲ್ಲಿ ಸಾಮಾನ್ಯ, ಹಾಗೆ ಶೇ. 14.

ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ಹೀಗೆ: ತಿಂಗಳ ಆದಾಯ 16,000, ವರ್ಷಕ್ಕೆ 1,92,000, ಸರಳಾ ವರ್ಮಾ ತೀರ್ಪಿನ (2009) ಕೋಷ್ಟಕದಂತೆ 31ರಿಂದ 35 ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆ) 16, ಅದರ ಶೇ. 14. ಬರುವುದು 4,30,080 ರೂಪಾಯಿ.

ಆದರೆ ರಾಜ್‌ಕುಮಾರ್ ತೀರ್ಪು (2011) ಕೇಳುವುದು ಮೂಳೆಯ ಶೇಕಡಾವಾರನ್ನಲ್ಲ. ಈತ ಮೊದಲು ಏನು ಕೆಲಸ ಮಾಡುತ್ತಿದ್ದ, ಈಗ ಅದನ್ನು ಮಾಡಬಲ್ಲನೇ, ಬೇರೆ ಏನು ಮಾಡಿ ಎಷ್ಟು ಗಳಿಸಬಲ್ಲ ಎಂದು ಕೇಳುತ್ತದೆ. ಪಾಟೀಸವಾಲಿನಲ್ಲಿ ಕಂಪನಿಯ ವಕೀಲರು ವೈದ್ಯರನ್ನು ಕೇಳಿದರು: ನಡೆಯಬಲ್ಲನೇ? ಹೌದು. ಕೂಲಿ ಮಾಡಬಲ್ಲನೇ? ಮಾಡಬಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಅರ್ಜಿದಾರನ ವಕೀಲರು ಮರುವಿಚಾರಣೆಯಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಮೊಣಕಾಲು ಎಷ್ಟು ಡಿಗ್ರಿ ಮಡಿಸುತ್ತದೆ? 90. ಒಂಟಿ ಬಿದಿರಿನ ಏಣಿಯ ಗೆಣ್ಣಿಗೆ ಪಾದ ಕೊಟ್ಟು, ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿಯ ಎತ್ತರಕ್ಕೆ ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಹಾಕಿ ಏರಲು ಆದೀತೇ? ಆಗದು, ಏರಿದರೂ ಅಪಾಯ.

ಕೆಲಸ ಯಾವುದೆಂದು ತೋರಿಸಲು ತೋಟದ ಮೇಸ್ತ್ರಿಯನ್ನು ಸಾಕ್ಷಿಗೆ ಕರೆದರು. ಅವರ ಹಾಜರಿ ಪುಸ್ತಕದಲ್ಲಿ ನೆಲದ ಕೆಲಸದವರಿಗೆ ಒಂದು ಸಂಬಳ, ಮರ ಹತ್ತುವವರಿಗೆ ಇನ್ನೊಂದು ಎಂದು ಸ್ಪಷ್ಟವಾಗಿತ್ತು. ಆದಾಯಕ್ಕೆ ಯಾವ ದಾಖಲೆಯೂ ಇಲ್ಲದಿದ್ದರೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿ ಆಯಾ ವರ್ಷಕ್ಕೆ ಗೊತ್ತುಮಾಡಿದ ಕಾಲ್ಪನಿಕ ಆದಾಯ ಹಿಡಿಯುತ್ತಾರೆ. ಮೇಸ್ತ್ರಿಯ ಪುಸ್ತಕವೊಂದು ಅದನ್ನು ಮೀರಿಸಬಲ್ಲದು. ಪುಸ್ತಕದ ಫೋಟೋ ಸಾಲದು, ಪುಸ್ತಕವೂ ಬರೆದವರೂ ಕೋರ್ಟಿಗೆ ಬರಬೇಕು.

ಗಳಿಕೆಯ ನಷ್ಟ ಶೇ. 35 ಎಂದು ನ್ಯಾಯಮಂಡಳಿ ಒಪ್ಪಿತು. 40 ವರ್ಷದೊಳಗಿನ, ಕಾಯಂ ನೌಕರಿಯಲ್ಲದವರಿಗೆ ಭವಿಷ್ಯದ ಏರಿಕೆಗಾಗಿ ಶೇ. 40 ಸೇರಿಸಬೇಕೆಂದು ಪ್ರಣಯ್ ಸೇಥಿ ತೀರ್ಪು (2017) ಹೇಳಿದೆ. ಗಾಯದ ಪ್ರಕರಣಕ್ಕೂ ಅದು ಅನ್ವಯವೆಂದು 2020ರ ಪಪ್ಪು ದೇವ್ ಯಾದವ್ ತೀರ್ಪು ಸ್ಪಷ್ಟಪಡಿಸಿದೆ. ಕೇಳದಿದ್ದರೆ ಇದು ಬಿಟ್ಟೇ ಹೋಗುತ್ತದೆ. ಈಗ ಲೆಕ್ಕ: 16,000ಕ್ಕೆ ಶೇ. 40 ಸೇರಿ 22,400, ವರ್ಷಕ್ಕೆ 2,68,800, ಗುಣಕ 16, ಅದರ ಶೇ. 35. ಬರುವುದು 15,05,280. ಅದೇ ಕಾಲು, ಅದೇ ಎಕ್ಸ್‌ರೇ.

ಉಳಿದ ಬಾಬತ್ತು: ಆಸ್ಪತ್ರೆ ಬಿಲ್ 2,86,400, ಎಂಟು ತಿಂಗಳ ಕೂಲಿ 1,28,000, ನೋವಿಗೆ 75,000, ಬದುಕಿನ ಸುಖ ಕಳೆದದ್ದಕ್ಕೆ 60,000, ಆರೈಕೆ, ಊಟ, ಓಡಾಟಕ್ಕೆ 45,000, ಮುಂದೆ ರಾಡ್ ತೆಗೆಸಲು 40,000. ಒಟ್ಟು 21,39,680. ಶೇ. 20 ಕಳೆದರೆ 17,11,744. ಅರ್ಜಿ ಹಾಕಿದ ದಿನದಿಂದ ಶೇ. 6 ಬಡ್ಡಿ, ಮುಂದಿನ ಚಿಕಿತ್ಸೆಯ ಮೊತ್ತಕ್ಕೆ ಬಡ್ಡಿಯಿಲ್ಲ. ತಪ್ಪಿನ ಪಾಲಿನ ಪ್ರತಿ ಶೇ. 5ಕ್ಕೆ ಈ ಕುಟುಂಬ 1,06,984 ರೂಪಾಯಿ ಕಳೆದುಕೊಳ್ಳುತ್ತದೆ. ರಸ್ತೆಯಲ್ಲಿ ಕೆಂಪು ಚೂರು ಇರಲಿಲ್ಲ ಎಂಬ ಮಹಜರಿನ ಸಾಲಿನ ತೂಕ ಎಷ್ಟೆಂದು ಇದರಿಂದ ತಿಳಿಯುತ್ತದೆ.

ಹೆಂಡತಿಯ ಪರಿಹಾರದಲ್ಲಿ ಆ ಶೇ. 20 ಕಡಿತ ಆಗಲಿಲ್ಲ, ಆಗಬಾರದು. ಗಂಡನ ಪಾಲನ್ನು ಬೈಕಿನ ವಿಮೆಯಿಂದ ತೆಗೆದುಕೊಳ್ಳಲಿ ಎಂದು ಲಾರಿಯ ಕಂಪನಿ ವಾದಿಸಿತು. ಬೈಕಿಗಿದ್ದದ್ದು ಮೂರನೇ ವ್ಯಕ್ತಿ ವಿಮೆ ಮಾತ್ರ, ಅದರಲ್ಲಿ ಹಿಂಬದಿ ಸವಾರರು ಸೇರುವುದಿಲ್ಲ. ಇಬ್ಬರ ತಪ್ಪಿನಿಂದ ಮೂರನೆಯವರಿಗೆ ಗಾಯವಾದಾಗ ಯಾರೊಬ್ಬರಿಂದಲೂ ಪೂರ್ತಿ ಪಡೆಯಬಹುದೆಂಬ ಖೆನ್ಯೇ ತೀರ್ಪು (2015) ಆಕೆಯ ಕೈಹಿಡಿಯಿತು. ಕಾಫಿ ಕೊಯ್ಲು ಎರಡೂ ಕೈಯ ಕೆಲಸ. ಬಲಗೈ ಹಿಡಿತ ಕುಗ್ಗಿದ್ದನ್ನು ವೈದ್ಯರು ಅಳೆದು ಬರೆದಿದ್ದರು. ಮನೆಗೆಲಸಕ್ಕೂ ಬೆಲೆ ಕಟ್ಟಬೇಕೆಂದು 2021ರ ಕೀರ್ತಿ ತೀರ್ಪಿದೆ. ಕೊಯ್ಲಿಲ್ಲದ ತಿಂಗಳುಗಳಿಗೆ ಅದನ್ನು ಮುಂದಿಟ್ಟರು.

ಶೇ. 20ರ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿಗೆ 90 ದಿನ ಇದೆ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಯೇ ಇಲ್ಲ, ಇಲ್ಲಿ 4,27,936 ಇರುವುದರಿಂದ ಹೋಗಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆಮೇಲೆ ಮೇಲ್ಮನವಿ ಇಲ್ಲವೆಂಬುದು ತಿಳಿದೇ ಒಪ್ಪಬೇಕು. ತೀರ್ಪಾದ 30 ದಿನದೊಳಗೆ ಕಂಪನಿ ಹಣ ಠೇವಣಿ ಇಡಬೇಕು. ಇಡದಿದ್ದರೆ 174ನೇ ಕಲಂ ಪ್ರಕಾರ ಭೂಕಂದಾಯದ ಬಾಕಿಯಂತೆ ವಸೂಲಿಗೆ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆ ಗಾಯಾಳುವಿನ ಹೆಸರಲ್ಲೇ ಇರಲಿ, ಪಾಸ್‌ಬುಕ್ಕಿನ ಪ್ರತಿ ತೀರ್ಪಿಗೆ ಮೊದಲೇ ಕಡತಕ್ಕೆ ಸೇರಲಿ. ಒಂದು ಭಾಗವನ್ನು ನಿಶ್ಚಿತ ಠೇವಣಿಯಲ್ಲಿಡಲು ಆದೇಶವಾದರೆ ರಾಡ್ ತೆಗೆಸುವ ತಿಂಗಳಿಗೆ ಬೇಕಾಗುವ ಮೊತ್ತವನ್ನು ಹೊರಗಿಡುವಂತೆ ಅಂದೇ ಕೇಳಿಕೊಳ್ಳಬೇಕು.